ಪೀಡೆನಾಶಕವನ್ನು ಹಿಡಿಯುವ ರಂಧ್ರ, ಬಿಟ್ಟುಕೊಡುವ ರಂಧ್ರ: ಸರಂಧ್ರ ವಸ್ತುಗಳ ಕುರಿತು ಚರ್ಚೆ

ಜಲರಸಾಯನ:

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರಿನಲ್ಲಿ ಸೇರಿರುವ ಪೀಡೆನಾಶಕಗಳನ್ನು ತೆಗೆಯುವುದು ನನ್ನ ಕೆಲಸವಾದ್ದರಿಂದ, ಸರಂಧ್ರ ವಸ್ತು (ಮೈತುಂಬ ಅತಿಸಣ್ಣ ರಂಧ್ರಗಳಿರುವ ವಸ್ತು) ಎಂದ ಕೂಡಲೇ ನನಗೆ ನೆನಪಾಗುವುದು ಸಕ್ರಿಯ ಇದ್ದಿಲು, ಅಂದರೆ ರಂಧ್ರಗಳು ಹೆಚ್ಚುವಂತೆ ಸಂಸ್ಕರಿಸಿದ ಇದ್ದಿಲು. ಆದರೆ ಈಚಿನ ಸಂಶೋಧನಾ ಪ್ರಬಂಧಗಳನ್ನು ಓದುವಾಗ, ನೀರನ್ನು ಶುದ್ಧಮಾಡಲು ಬಳಸುವ ವಸ್ತುಗಳನ್ನೇ, ಅಂದರೆ ಸಿಲಿಕಾ, ಜೇಡಿಖನಿಜ, ಬಯೋಚಾರ್ (ಸಸ್ಯತ್ಯಾಜ್ಯವನ್ನು ಗಾಳಿ ಹೆಚ್ಚು ಸೇರದಂತೆ ಸುಟ್ಟು ಮಾಡಿದ ಇದ್ದಿಲು), ಲೋಹ-ಸಾವಯವ ಚೌಕಟ್ಟುಗಳಂಥವನ್ನೇ, ಬೆಳೆಗೆ ಔಷಧಿಯನ್ನು ನಿಧಾನವಾಗಿ ತಲುಪಿಸುವ ವಾಹಕಗಳೆಂದೂ ಬಳಸುತ್ತಿರುವುದು ಕಾಣುತ್ತದೆ. ಒಂದು ಕಡೆ ಹಿಡಿದಿಟ್ಟುಕೊಳ್ಳಬೇಕು, ಇನ್ನೊಂದು ಕಡೆ ಬಿಟ್ಟುಕೊಡಬೇಕು. ಈ ಎರಡು ಕೆಲಸಗಳನ್ನು ಬೇರೆ ಬೇರೆ ವಿಷಯಗಳೆಂದು ನೋಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಮೊದಲು ಅಳತೆಯ ಮಾತು. ರಂಧ್ರದ ಅಗಲ 2 ನ್ಯಾನೊಮೀಟರಿಗಿಂತ ಕಡಿಮೆಯಿದ್ದರೆ ಅದು ಸೂಕ್ಷ್ಮರಂಧ್ರ, 2ರಿಂದ 50ರವರೆಗೆ ಮಧ್ಯರಂಧ್ರ, ಅದಕ್ಕಿಂತ ದೊಡ್ಡದಾದರೆ ಬೃಹದ್ರಂಧ್ರ. ಇದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವಿಂಗಡಣೆ. ಒಂದು ಗ್ರಾಂ ಸಕ್ರಿಯ ಇದ್ದಿಲಿನ ಒಳಮೈ ಸಾಮಾನ್ಯವಾಗಿ 500ರಿಂದ 1,500 ಚದರ ಮೀಟರಿನಷ್ಟಿರುತ್ತದೆ. ಅಟ್ರಜಿನ್ ಎಂಬ ಕಳೆನಾಶಕದ ಅಣು ಸುಮಾರು ಒಂದು ನ್ಯಾನೊಮೀಟರ್ ಉದ್ದವಿದೆ. ತನಗಿಂತ ಸ್ವಲ್ಪವೇ ಅಗಲವಾದ ರಂಧ್ರದೊಳಗೆ ಅದು ಹೊಕ್ಕಾಗ ಎರಡೂ ಕಡೆಯ ಗೋಡೆಗಳ ಆಕರ್ಷಣೆ ಒಟ್ಟಿಗೆ ಬೀಳುವುದರಿಂದ ಗಟ್ಟಿಯಾಗಿ ಉಳಿಯುತ್ತದೆ. ನೀರಿನಿಂದ ತೆಗೆಯಲು ಇದು ಬಹಳ ಒಳ್ಳೆಯ ಗುಣ, ಹೊಲಕ್ಕೆ ತಲುಪಿಸಲು ಬಹಳ ಕೆಟ್ಟ ಗುಣ. ಹೀಗಿರುವಾಗ ಪ್ರಬಂಧಗಳಲ್ಲಿ ಮೇಲ್ಮೈ ವಿಸ್ತೀರ್ಣವನ್ನೇ ದೊಡ್ಡ ಸಾಧನೆಯೆಂಬಂತೆ ಮುಂದಿಡುವುದೇಕೆ? ಆ ವಿಸ್ತೀರ್ಣವನ್ನು ಅಳೆಯುವುದು −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೈಟ್ರೋಜನ್ ಅನಿಲದಿಂದ. ನೈಟ್ರೋಜನ್ ಹೊಕ್ಕಲ್ಲೆಲ್ಲ ಪೀಡೆನಾಶಕದ ಅಣು ಹೊಗುವುದಿಲ್ಲ.

ಹಿಡಿದದ್ದನ್ನು ಯಾವಾಗ, ಎಷ್ಟು, ಯಾರಿಗೆ ಬಿಟ್ಟುಕೊಡುತ್ತದೆ ಎಂಬುದೇ ಸರಂಧ್ರ ವಸ್ತುವಿನ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಎಂದು ನನಗೆ ತೋರುತ್ತದೆ. ಮಣ್ಣು, ಸಸ್ಯಸಂರಕ್ಷಣೆ ಹಾಗೂ ಔಷಧಿ ತಯಾರಿಕೆಯ ಕ್ಷೇತ್ರಗಳಲ್ಲಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೃತ್ತಿಕೆ:

ಜಲರಸಾಯನ ಅವರೇ, ಮಣ್ಣಿನ ಕಡೆಯಿಂದ ನೋಡಿದರೆ ನಿಮ್ಮ ಪ್ರಶ್ನೆ ಹಳೆಯದೇ. ಮಣ್ಣೇ ಒಂದು ಸರಂಧ್ರ ವಸ್ತು, ಮತ್ತು ಹಿಡಿಯುವ, ಬಿಡುವ ಎರಡೂ ಕೆಲಸಗಳನ್ನು ಅದು ನಮ್ಮನ್ನು ಕೇಳದೆ ಮಾಡುತ್ತಿದೆ.

ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ತೆಗೆದುಕೊಳ್ಳಿ. ಅದರ ಅಣುವಿನ ಮೇಲೆ ಎರಡು ಧನಾವೇಶಗಳಿವೆ. ಮಾಂಟ್‌ಮೊರಿಲೊನೈಟ್ ಜೇಡಿಯ ಪದರಗಳ ಮೇಲೆ ಋಣಾವೇಶವಿದೆ. ಹೀಗಾಗಿ ಮಣ್ಣಿಗೆ ಬಿದ್ದ ಪ್ಯಾರಾಕ್ವಾಟ್ ಪದರಗಳ ನಡುವೆ ಸೇರಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ; ಎಲೆಯ ಮೇಲೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಸುಡುವ ವಸ್ತು ಮಣ್ಣಿನಲ್ಲಿ ನಿಷ್ಕ್ರಿಯವಾಗಿ ಕಾಣುವುದು ಇದೇ ಕಾರಣಕ್ಕೆ. ಆದರೆ ನಿಷ್ಕ್ರಿಯವಾಗಿದೆ ಎಂದ ಮಾತ್ರಕ್ಕೆ ಇಲ್ಲವಾಗಿದೆ ಎಂದಲ್ಲ. ಜೀವಾಣುಗಳ ಕೈಗೂ ಸಿಗದ ಸ್ಥಿತಿಯಲ್ಲಿ ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ.

ಇದಕ್ಕಿಂತ ಕಳವಳಕಾರಿಯಾದ ಉದಾಹರಣೆ ಕ್ಲೋರ್‌ಡಿಕೋನ್. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ಮತ್ತು ಮಾರ್ಟಿನೀಕ್ ದ್ವೀಪಗಳಲ್ಲಿ ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳುವಿನ ವಿರುದ್ಧ 1972ರಿಂದ 1993ರವರೆಗೆ ಅದನ್ನು ಬಳಸಿದರು. ಅಲ್ಲಿನ ಜ್ವಾಲಾಮುಖಿ ಮಣ್ಣುಗಳಲ್ಲಿ ಅಲೋಫೇನ್ ಎಂಬ ಜೇಡಿ ಇದೆ. ಅದರ ಕಣಗಳು ಒಂದರೊಳಗೊಂದು ಕವಲೊಡೆದು ಕಟ್ಟಿಕೊಳ್ಳುವ ಅತಿಸೂಕ್ಷ್ಮ ರಂಧ್ರಜಾಲದಲ್ಲಿ ಈ ಕೀಟನಾಶಕ ಸಿಕ್ಕಿಕೊಂಡಿದೆ. ಅದೇ ದ್ವೀಪಗಳ ಬೇರೆ ಬಗೆಯ ಮಣ್ಣುಗಳಿಗೆ ಹೋಲಿಸಿದರೆ ಅಲೋಫೇನ್ ಇರುವ ಮಣ್ಣಿನಲ್ಲಿ ಕ್ಲೋರ್‌ಡಿಕೋನ್ ಪ್ರಮಾಣ ಹೆಚ್ಚು, ಆದರೆ ಬೆಳೆಗೆ ಮತ್ತು ನೀರಿಗೆ ದಾಟುವ ಪಾಲು ಕಡಿಮೆ. ಕೇವಲ ನೀರಿನೊಂದಿಗೆ ಬಸಿದುಹೋಗುವುದನ್ನೇ ಲೆಕ್ಕಕ್ಕೆ ಹಿಡಿದು 2009ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಅಂಥ ಮಣ್ಣು ತೊಳೆದುಕೊಳ್ಳಲು ಶತಮಾನಗಳೇ ಬೇಕು. ಬಳಕೆ ನಿಂತು ದಶಕಗಳಾದ ಮೇಲೂ ಅಲ್ಲಿನ ಕೆಲವು ನೀರು ಶುದ್ಧೀಕರಣ ಘಟಕಗಳಲ್ಲಿ ಸಕ್ರಿಯ ಇದ್ದಿಲಿನ ಶೋಧಕಗಳು ಬೇಕಾಗಿವೆ. ಮಣ್ಣಿನ ರಂಧ್ರ ನಿಧಾನವಾಗಿ ಬಿಡುತ್ತಿರುವುದನ್ನು ಇದ್ದಿಲಿನ ರಂಧ್ರ ಹಿಡಿಯುತ್ತಿದೆ. ನಿಧಾನ ಬಿಡುಗಡೆ ಎಂಬುದನ್ನು ಒಳ್ಳೆಯ ಗುಣವೆಂದು ಒಪ್ಪುವ ಮೊದಲು ಈ ದ್ವೀಪಗಳನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬಯೋಚಾರ್ ಬಗ್ಗೆಯೂ ಒಂದು ಮಾತು. ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟ ಬಯೋಚಾರ್‌ನಲ್ಲಿ ಸೂಕ್ಷ್ಮರಂಧ್ರಗಳು ಹೆಚ್ಚಾಗಿರುತ್ತವೆ. ಅದನ್ನು ಮಣ್ಣಿಗೆ ಬೆರೆಸಿದರೆ ಬಿತ್ತನೆಯ ನಂತರ, ಕಳೆ ಮೊಳೆಯುವ ಮುನ್ನ ಹಾಕುವ ಕಳೆನಾಶಕಗಳು ಅದರಲ್ಲಿ ಹೀರಿಕೊಂಡು ಕಳೆಗೆ ಸಿಗದೇ ಹೋಗಬಹುದು. ಆಗ ಬೇಸಾಯಗಾರರು ಪ್ರಮಾಣವನ್ನು ಹೆಚ್ಚಿಸುವ ಸಾಧ್ಯತೆಯೇ ಹೆಚ್ಚು.

ಸೂತ್ರೀಕರಣ:

ನಾನು ಬೆಳೆಗೆ ಹಾಕುವ ಔಷಧಿಯ ತಯಾರಿಕೆಯ ಕಡೆಯವನು. ಮೃತ್ತಿಕೆ ಅವರ ಎಚ್ಚರಿಕೆಯನ್ನು ಗೌರವಿಸುತ್ತೇನೆ, ಆದರೆ ಕ್ಲೋರ್‌ಡಿಕೋನ್‌ನ ದೋಷ ರಂಧ್ರದ್ದಲ್ಲ, ಒಡೆಯಲಾರದ ಆ ಅಣುವಿನದು. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದ್ದೂ ಆ ಗುಣಕ್ಕಾಗಿಯೇ. ನಿಧಾನ ಬಿಡುಗಡೆಯಿಂದ ನಿಜವಾದ ಲಾಭವಿರುವುದು ಅದಕ್ಕೆ ತೀರ ವಿರುದ್ಧ ಸ್ವಭಾವದ, ಬಹಳ ಬೇಗ ಹಾಳಾಗುವ ಅಣುಗಳಲ್ಲಿ.

ಅಬಾಮೆಕ್ಟಿನ್ ಎಂಬ ಕೀಟನಾಶಕ ಅಂಥದ್ದು. ಎಲೆಯ ಮೇಲಿನ ತೆಳುಲೇಪದಲ್ಲಿ ಬಿಸಿಲಿಗೆ ಅದು ಗಂಟೆಗಳ ಲೆಕ್ಕದಲ್ಲಿ ಒಡೆದುಹೋಗುತ್ತದೆ. 2005ರ ಸುಮಾರಿಗೆ ಚೀನಾದ ಸಂಶೋಧಕರು ಇದೇ ಕುಟುಂಬದ ಅವರ್ಮೆಕ್ಟಿನ್ ಅನ್ನು ಟೊಳ್ಳಾದ ಸರಂಧ್ರ ಸಿಲಿಕಾ ನ್ಯಾನೊಕಣಗಳೊಳಗೆ ತುಂಬಿ ತೋರಿಸಿದರು. ಸಿಲಿಕಾ ಚಿಪ್ಪು ದಪ್ಪವಾದಷ್ಟೂ ನೇರಳಾತೀತ ಕಿರಣದಿಂದ ರಕ್ಷಣೆ ಹೆಚ್ಚಿತು, ಬಿಡುಗಡೆ ನಿಧಾನವಾಯಿತು. ಅಂದರೆ ರಂಧ್ರ ಇಲ್ಲಿ ಉಗ್ರಾಣವೂ ಹೌದು, ನೆರಳೂ ಹೌದು. ಬೇಗ ಹಾಳಾಗುವ ಔಷಧಿಯನ್ನು ಪದೇ ಪದೇ ಸಿಂಪಡಿಸುವ ಬದಲು ಒಮ್ಮೆ ಸಿಂಪಡಿಸಿದ್ದು ಹೆಚ್ಚು ದಿನ ಉಳಿಯುವುದಾದರೆ ಒಟ್ಟು ಬಳಕೆ ಕಡಿಮೆಯಾಗುತ್ತದೆ. ಜೊತೆಗೆ ಹೀಗೆ ಒಳಗಿಟ್ಟ ಔಷಧಿಯಿಂದ ಸಿಂಪಡಿಸುವವರ ಚರ್ಮಕ್ಕೆ ತಗಲುವ ಪ್ರಮಾಣವೂ ಇಳಿಯುತ್ತದೆ.

ಸರಂಧ್ರ ವಾಹಕ ಎಂಬುದು ಹೊಸ ಆವಿಷ್ಕಾರವೆಂಬ ಭಾವನೆ ಇದ್ದರೆ ಅದನ್ನು ಬಿಡಬೇಕು. ಹರಳು (ಕಾಳಿನಂಥ ಸಣ್ಣ ತುಣುಕು) ರೂಪದ ಕೀಟನಾಶಕಗಳಲ್ಲಿ ಅಟಪಲ್ಗೈಟ್, ಬೆಂಟೊನೈಟ್ ಜೇಡಿಗಳು, ನೀರಿನಲ್ಲಿ ಕದಡುವ ಪುಡಿಗಳಲ್ಲಿ ಸಿಲಿಕಾ, ಇವೆಲ್ಲ ದಶಕಗಳಿಂದ ಬಳಕೆಯಲ್ಲಿವೆ. ಹೊಸದೇನಿದ್ದರೂ ರಂಧ್ರದ ಅಳತೆಯ ಮೇಲೆ ಸಿಕ್ಕ ಹಿಡಿತ. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಪ್ರಕಟಿಸಿದ ಎಂಸಿಎಂ-41, 1998ರಲ್ಲಿ ಬಂದ ಎಸ್‌ಬಿಎ-15 ಎಂಬ ಸಿಲಿಕಾಗಳಲ್ಲಿ ರಂಧ್ರಗಳು ಜೇನುಗೂಡಿನಂತೆ ಸಾಲಾಗಿ, ಒಂದೇ ಅಗಲದಲ್ಲಿ ಇರುತ್ತವೆ. ಬೇಕಾದ ಅಗಲವನ್ನು ನಾವೇ ನಿಗದಿಮಾಡಬಹುದು.

ಆದರೂ ಒಂದು ಗಣಿತ ನಮ್ಮನ್ನು ಕಟ್ಟಿಹಾಕುತ್ತದೆ. ತೆರೆದ ರಂಧ್ರದಿಂದ ಅಣುಗಳು ವಿಸರಣೆಯಿಂದ ಹೊರಬರುವಾಗ ಬಿಡುಗಡೆಯಾದ ಒಟ್ಟು ಪ್ರಮಾಣ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 1961ರಲ್ಲಿ ಹಿಗುಚಿ ಅವರು ಕೊಟ್ಟ ಸಂಬಂಧ ಇದು. ಮೊದಲ ದಿನ ಒಂದು ಪಾಲು ಹೊರಬಂದರೆ ಎರಡು ಪಾಲು ಹೊರಬರಲು ನಾಲ್ಕು ದಿನ, ಮೂರು ಪಾಲಿಗೆ ಒಂಬತ್ತು ದಿನ ಬೇಕು. ಆರಂಭದಲ್ಲಿ ಬೇಡದಷ್ಟು ರಭಸ, ಕೊನೆಯಲ್ಲಿ ಸಾಲದಷ್ಟು ಜಿನುಗು. ಆದ್ದರಿಂದಲೇ ಬರಿಯ ರಂಧ್ರ ಸಾಲದು, ರಂಧ್ರದ ಬಾಯಿಗೆ ಒಂದು ಬಾಗಿಲು ಬೇಕು ಎಂಬ ಆಲೋಚನೆ ಬಂತು. ಸಸ್ಯಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ವಸ್ತುವನ್ನು ಲೇಪಿಸಿದರೆ ರೋಗಕಾರಕ ಶಿಲೀಂಧ್ರ ಸ್ರವಿಸುವ ಪೆಕ್ಟಿನೇಸ್ ಕಿಣ್ವವೇ ಅದನ್ನು ಕರಗಿಸಿ ಔಷಧಿಯನ್ನು ಹೊರಬಿಡುತ್ತದೆ. ಎಲೆ ತಿನ್ನುವ ಅನೇಕ ಪತಂಗದ ಮರಿಹುಳುಗಳ ನಡುಗರುಳು ಬಲವಾದ ಕ್ಷಾರೀಯವಾಗಿರುತ್ತದೆ. ಕ್ಷಾರದಲ್ಲಿ ತೆರೆಯುವ ಲೇಪವಿದ್ದರೆ ತಿಂದ ಹುಳುವಿನ ಹೊಟ್ಟೆಯಲ್ಲೇ ಬಾಗಿಲು ತೆರೆಯುತ್ತದೆ. ಜಲರಸಾಯನ ಅವರು ಕೇಳಿದ "ಯಾರಿಗೆ" ಎಂಬ ಪ್ರಶ್ನೆಗೆ ಇದೇ ಅತ್ಯಂತ ನೇರವಾದ ಉತ್ತರ ಎಂದು ನಾನು ನಂಬುತ್ತೇನೆ.

ಹಸಿರುಬದು:

ನಾನು ವಿಜ್ಞಾನಿಯಲ್ಲ, ಬೇಸಾಯ ಮಾಡುವವನು. ಎಲ್ಲರ ಬರಹಗಳನ್ನೂ ಗಮನವಿಟ್ಟು ಓದಿದೆ. ಔಷಧಿ ಹೆಚ್ಚು ದಿನ ಉಳಿಯುತ್ತದೆ ಎಂದರೆ ಸಿಂಪಡಿಸುವ ಖರ್ಚು ಉಳಿಯಬಹುದು, ಸರಿ. ಆದರೆ ಕೊಯ್ಲಿನ ಹೊತ್ತಿಗೂ ಅದು ಉಳಿದಿದ್ದರೆ? ಡಬ್ಬಿಯ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ವಾಹಕ ಬದಲಾದರೆ ಆ ದಿನಗಳ ಲೆಕ್ಕ ಬದಲಾಗುವುದಿಲ್ಲವೇ? ಕೊನೆಯಲ್ಲಿ ಸಾಲದಷ್ಟು ಜಿನುಗು ಎಂದು ಸೂತ್ರೀಕರಣ ಅವರೇ ಬರೆದಿದ್ದಾರೆ. ಸಾಲದಷ್ಟು ಔಷಧಿಯ ನಡುವೆ ಬದುಕುವ ಹುಳು ಏನಾಗುತ್ತದೆ ಎಂಬುದನ್ನೂ ತಿಳಿಸಿ.

ಸಸ್ಯಕಾಯ:

ಹಸಿರುಬದು ಅವರೇ, ನೀವು ಕೇಳಿದ ಎರಡೂ ಪ್ರಶ್ನೆಗಳು ಇಲ್ಲಿಯವರೆಗಿನ ಚರ್ಚೆಯಲ್ಲಿ ಅತ್ಯಂತ ಅಗತ್ಯವಾದವು.

ಕೊಯ್ಲಿನ ಮುಂಚಿನ ಕಾಯುವ ಅವಧಿಯನ್ನು ನಿಗದಿಮಾಡುವುದು ಒಂದು ನಿರ್ದಿಷ್ಟ ತಯಾರಿಕೆಯನ್ನು ನಿರ್ದಿಷ್ಟ ಬೆಳೆಯ ಮೇಲೆ ಬಳಸಿ, ಶೇಷಾಂಶ ಇಳಿಯುವ ಗತಿಯನ್ನು ಅಳೆದ ಮೇಲೆ. ಅದೇ ಔಷಧಿಯನ್ನು ಸರಂಧ್ರ ವಾಹಕದಲ್ಲಿ ಇಟ್ಟಾಗ ಆ ಗತಿ ಬದಲಾಗುತ್ತದೆ; ಬದಲಾಗಲಿ ಎಂದೇ ತಾನೇ ವಾಹಕದಲ್ಲಿ ಇಡುವುದು? ಆದ್ದರಿಂದ ಹಳೆಯ ಅವಧಿಯನ್ನು ಹೊಸ ತಯಾರಿಕೆಗೆ ಹಾಗೆಯೇ ಹಚ್ಚುವುದು ತಪ್ಪು, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಶೇಷಾಂಶ ಪರೀಕ್ಷೆಯಲ್ಲೂ ಒಂದು ತೊಡಕಿದೆ. ಎಲೆಯನ್ನು ದ್ರಾವಕದಲ್ಲಿ ಅಲುಗಿಸಿ ಔಷಧಿಯನ್ನು ಹೊರತೆಗೆದು ಅಳೆಯುತ್ತಾರೆ. ರಂಧ್ರದೊಳಗೆ ಉಳಿದ ಪಾಲು ಆ ದ್ರಾವಕಕ್ಕೆ ಪೂರ್ತಿಯಾಗಿ ಬಾರದಿದ್ದರೆ ನಿಜವಾದ ಶೇಷಕ್ಕಿಂತ ಕಡಿಮೆ ಸಂಖ್ಯೆ ಬರುತ್ತದೆ.

ಇನ್ನು ನಿರೋಧಕತೆ. ಕೊಲ್ಲಲು ಸಾಲದ ಪ್ರಮಾಣ ದೀರ್ಘಕಾಲ ಉಳಿದರೆ ಸ್ವಲ್ಪ ತಾಳಿಕೊಳ್ಳಬಲ್ಲ ಹುಳುಗಳು ಬದುಕಿ ಸಂತತಿ ಬೆಳೆಸುತ್ತವೆ, ಹಲವು ತಲೆಮಾರುಗಳ ನಂತರ ಆ ಔಷಧಿಯೇ ನಿರುಪಯುಕ್ತವಾಗುತ್ತದೆ. ನಿಧಾನ ಬಿಡುಗಡೆಯ ಬಾಲದಂತಿರುವ ಈ ಕೊನೆಯ ಹಂತವನ್ನು ಪ್ರಬಂಧಗಳಲ್ಲಿ "ದೀರ್ಘಾವಧಿಯ ಪರಿಣಾಮ" ಎಂದು ಹೊಗಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕೀಟಶಾಸ್ತ್ರದ ದೃಷ್ಟಿಯಿಂದ ಒಳ್ಳೆಯ ಬಿಡುಗಡೆ ಎಂದರೆ ಹುಳು ಮೊಟ್ಟೆಯೊಡೆದು ಬರುವ ದಿನಗಳಲ್ಲಿ ಸಾಕಷ್ಟು ಮಟ್ಟದಲ್ಲಿದ್ದು, ಆಮೇಲೆ ಥಟ್ಟನೆ ಮುಗಿಯುವಂಥದ್ದು. ಕಿಣ್ವ ಅಥವಾ ಕ್ಷಾರಕ್ಕೆ ತೆರೆಯುವ ಬಾಗಿಲಿನಲ್ಲಿ ಅದು ಸಾಧ್ಯ, ತೆರೆದ ರಂಧ್ರದಲ್ಲಿ ಕಷ್ಟ.

ಸಿಂಪಡಿಸುವವರ ಸುರಕ್ಷತೆಯ ಮಾತೂ ಬಂತು. ಹರಳು ರೂಪದಿಂದ ಕೈಗೆ ತಗಲುವುದು ಕಡಿಮೆಯಾಗುತ್ತದೆ, ಸತ್ಯ. ಆದರೆ ಅಮೆರಿಕದಲ್ಲಿ ಕಾರ್ಬೊಫ್ಯುರಾನ್ ಕೀಟನಾಶಕದ ಹರಳುಗಳನ್ನು ಹಕ್ಕಿಗಳು ಕಾಳೆಂದು ತಿಳಿದು ತಿಂದು ಸತ್ತದ್ದರಿಂದ 1990ರ ದಶಕದಲ್ಲಿ ಅವುಗಳ ಬಳಕೆಯನ್ನು ಬಹುತೇಕ ನಿಲ್ಲಿಸಬೇಕಾಯಿತು. ಒಬ್ಬರಿಗೆ ಸುರಕ್ಷಿತವಾದ ರೂಪ ಇನ್ನೊಬ್ಬರಿಗೆ ಆಹಾರದಂತೆ ಕಾಣಬಹುದು. ವಾಹಕದ ಗಾತ್ರ, ಬಣ್ಣ, ಆಕಾರಗಳೂ ವಿಷಶಾಸ್ತ್ರದ ಭಾಗವೇ.

ಚೌಕಟ್ಟು:

ಲೋಹ-ಸಾವಯವ ಚೌಕಟ್ಟುಗಳ ಪ್ರಸ್ತಾಪ ಆರಂಭದಲ್ಲಿ ಬಂದಿತ್ತು, ಯಾರೂ ಮುಂದುವರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಲೋಹದ ಗಂಟುಗಳನ್ನು ಸಾವಯವ ಅಣುಗಳ ಕೊಂಡಿಗಳಿಂದ ಜೋಡಿಸಿ ಕಟ್ಟಿದ ಸ್ಫಟಿಕಗಳಿವು. ಇವುಗಳ ಅಭಿವೃದ್ಧಿಗಾಗಿ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಇವುಗಳಲ್ಲಿ ಕೆಲವು ಗ್ರಾಂಗೆ 7,000 ಚದರ ಮೀಟರಿನ ಒಳಮೈಯನ್ನು ಮುಟ್ಟಿವೆ.

ಜಲರಸಾಯನ ಅವರ ಆಕ್ಷೇಪ ನನಗೆ ಒಪ್ಪಿಗೆ; ವಿಸ್ತೀರ್ಣಕ್ಕಾಗಿಯೇ ಇವುಗಳನ್ನು ಮೆಚ್ಚಬೇಕಿಲ್ಲ. ಇವುಗಳ ನಿಜವಾದ ಬೆಲೆ ಇರುವುದು ಆಯ್ದು ಹಿಡಿಯುವುದರಲ್ಲಿ. ಗ್ಲೈಫೊಸೇಟ್ ಎಂಬ ಕಳೆನಾಶಕ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಸಾಮಾನ್ಯ ನೀರಿನಲ್ಲಿ ಋಣಾವೇಶ ಹೊತ್ತಿರುತ್ತದೆ, ಹಾಗಾಗಿ ಸಕ್ರಿಯ ಇದ್ದಿಲಿಗೆ ಅದರ ಮೇಲೆ ಒಲವಿಲ್ಲ. ಆದರೆ ಅದರ ತುದಿಯಲ್ಲಿರುವ ಫಾಸ್ಫೊನೇಟ್ ಗುಂಪು ಜಿರ್ಕೋನಿಯಮ್‌ನೊಂದಿಗೆ ಬಲವಾದ ಬಂಧ ಮಾಡಿಕೊಳ್ಳುತ್ತದೆ. ಯುಐಓ-67 ಎಂಬ ಜಿರ್ಕೋನಿಯಮ್ ಚೌಕಟ್ಟು ಗ್ರಾಂಗೆ 500 ಮಿಲಿಗ್ರಾಂಗೂ ಮೀರಿ ಗ್ಲೈಫೊಸೇಟ್ ಹಿಡಿದದ್ದು 2015ರಲ್ಲೇ ವರದಿಯಾಗಿದೆ.

ತಲುಪಿಸುವ ಕೆಲಸಕ್ಕೆ ಕಬ್ಬಿಣದ ಚೌಕಟ್ಟುಗಳು ಹೆಚ್ಚು ಸೂಕ್ತ. ಎಂಐಎಲ್-100 ಎಂಬುದರ ಕಬ್ಬಿಣದ ರೂಪ ಫಾಸ್ಫೇಟ್ ಅಥವಾ ಸಿಟ್ರೇಟ್ ಎದುರಾದಾಗ ಬಿಚ್ಚಿಕೊಳ್ಳುತ್ತದೆ. ಬೇರುಗಳು ಸಿಟ್ರೇಟ್‌ನಂಥ ಸಾವಯವ ಆಮ್ಲಗಳನ್ನು ಸ್ರವಿಸುತ್ತವೆ. ಹಾಗಾದರೆ ಬೇರಿನ ಹತ್ತಿರ ಚೌಕಟ್ಟು ತಾನೇ ಕಳಚಿ, ಔಷಧಿಯನ್ನೂ ಕಬ್ಬಿಣವನ್ನೂ ಬಿಡುವ ವ್ಯವಸ್ಥೆ ಕಲ್ಪನೆಗೆ ಮೀರಿದ್ದಲ್ಲ.

ಜಲರಸಾಯನ:

ಚೌಕಟ್ಟು ಅವರೇ, ನೀವು ಕೊಟ್ಟ ಎರಡು ಉದಾಹರಣೆಗಳೇ ಒಂದನ್ನೊಂದು ಪ್ರಶ್ನಿಸುತ್ತವೆ. ಫಾಸ್ಫೇಟ್ ಕೆಲವು ಚೌಕಟ್ಟುಗಳನ್ನು ಬಿಚ್ಚಬಲ್ಲುದು, ಜೊತೆಗೆ ಜಿರ್ಕೋನಿಯಮ್ ಮೇಲಿನ ಜಾಗಕ್ಕಾಗಿ ಗ್ಲೈಫೊಸೇಟ್‌ನೊಂದಿಗೆ ಪೈಪೋಟಿ ನಡೆಸುವುದೂ ಅದೇ. ಕೃಷಿಭೂಮಿಯಿಂದ ಹರಿದುಬಂದ ನೀರಿನಲ್ಲಿ ರಸಗೊಬ್ಬರದ ಫಾಸ್ಫೇಟ್ ಇದ್ದೇ ಇರುತ್ತದೆ. ಮಣ್ಣಿನಲ್ಲೂ ಹೀಗೆಯೇ: ಕಬ್ಬಿಣ, ಅಲ್ಯುಮಿನಿಯಮ್ ಆಕ್ಸೈಡ್‌ಗಳ ಮೇಲೆ ಕುಳಿತ ಗ್ಲೈಫೊಸೇಟ್ ಅನ್ನು ಫಾಸ್ಫೇಟ್ ಎಬ್ಬಿಸಿ ಕಳಿಸಬಲ್ಲುದು. ಗ್ಲೈಫೊಸೇಟ್ ಒಂದನ್ನೇ ತೆಗೆಯಬೇಕಾದರೆ ಶುದ್ಧೀಕರಣ ಘಟಕದಲ್ಲಿ ಓಝೋನ್ ಅಥವಾ ಕ್ಲೋರಿನ್ ಅದನ್ನು ಚೆನ್ನಾಗಿಯೇ ಒಡೆಯುತ್ತವೆ ಎಂಬುದನ್ನೂ ಮರೆಯಬಾರದು.

ಪ್ರಯೋಗಾಲಯದ ಸಂಖ್ಯೆಗಳ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇನ್ನೊಂದಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಯೂರೋಪಿನ ಒಕ್ಕೂಟದಲ್ಲಿ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಪೀಡೆನಾಶಕ ಲೀಟರಿಗೆ 0.1 ಮೈಕ್ರೊಗ್ರಾಂ ಮೀರಬಾರದು, ಎಲ್ಲವೂ ಸೇರಿ 0.5 ಮೈಕ್ರೊಗ್ರಾಂ ಮೀರಬಾರದು. ನದಿ ಮತ್ತು ಬಾವಿಯ ನೀರಿನಲ್ಲಿ ನಾವು ಎದುರಿಸುವುದು ಸಾಮಾನ್ಯವಾಗಿ ಲೀಟರಿಗೆ ಒಂದೆರಡು ಮೈಕ್ರೊಗ್ರಾಂ ಅಥವಾ ಅದಕ್ಕೂ ಕಡಿಮೆ. ಪ್ರಬಂಧಗಳಲ್ಲಿ ಪರೀಕ್ಷೆ ಮಾಡುವುದು ಲೀಟರಿಗೆ ಹತ್ತಾರು ಮಿಲಿಗ್ರಾಂ ಬೆರೆಸಿದ ಶುದ್ಧ ನೀರಿನಲ್ಲಿ. ನೀರಿನಲ್ಲಿನ ಸಾಂದ್ರತೆಗೂ ವಸ್ತು ಹಿಡಿಯುವ ಪ್ರಮಾಣಕ್ಕೂ ಇರುವ ಸಂಬಂಧವನ್ನು ಹೇಳುವ ಫ್ರಾಯಿಂಡ್ಲಿಷ್ ಸಮೀಕರಣದ ಘಾತ 0.5 ಎಂದು ಹಿಡಿದರೆ, ಸಾಂದ್ರತೆ 10 ಮಿಲಿಗ್ರಾಂನಿಂದ 1 ಮೈಕ್ರೊಗ್ರಾಂಗೆ, ಅಂದರೆ ಹತ್ತು ಸಾವಿರ ಪಟ್ಟು ಇಳಿದಾಗ ವಸ್ತು ಹಿಡಿಯುವ ಸಾಮರ್ಥ್ಯ ನೂರು ಪಟ್ಟು ಇಳಿಯುತ್ತದೆ. ಗ್ರಾಂಗೆ 500 ಮಿಲಿಗ್ರಾಂ ಎಂದು ಓದಿದ್ದು ಹೊಳೆಯ ನೀರಿನಲ್ಲಿ ಐದು ಆದರೂ ಆಶ್ಚರ್ಯವಿಲ್ಲ. ಇದರ ಮೇಲೆ, ಕೊಳೆತ ಎಲೆ ಮತ್ತು ಮಣ್ಣಿನಿಂದ ನೀರಿಗೆ ಬರುವ ಕರಗಿದ ಸಾವಯವ ಪದಾರ್ಥ ಲೀಟರಿಗೆ ಹಲವು ಮಿಲಿಗ್ರಾಂ ಇರುತ್ತದೆ, ಪೀಡೆನಾಶಕಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅದರಲ್ಲಿನ ಸಣ್ಣ ಅಣುಗಳು ರಂಧ್ರದೊಳಗಿನ ಜಾಗವನ್ನು ಹಿಡಿಯುತ್ತವೆ, ದೊಡ್ಡವು ರಂಧ್ರದ ಬಾಯನ್ನೇ ಮುಚ್ಚುತ್ತವೆ. ಇದ್ದಿಲಿನ ಆಯಸ್ಸು ಮುಗಿಯುವುದು ಬಹುಮಟ್ಟಿಗೆ ಇವುಗಳಿಂದ, ಪೀಡೆನಾಶಕದಿಂದಲ್ಲ.

ಎಲ್ಲ ಅಣುಗಳೂ ಇದ್ದಿಲಿಗೆ ಒಲಿಯುವುದಿಲ್ಲ ಎಂಬುದಕ್ಕೆ ಮೆಟಾಲ್ಡಿಹೈಡ್ ಒಳ್ಳೆಯ ಸಾಕ್ಷಿ. ಬಸವನಹುಳುಗಳನ್ನು ಕೊಲ್ಲುವ ಈ ವಸ್ತು ನೀರಿನಲ್ಲಿ ಕರಗುತ್ತದೆ, ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ, ಓಝೋನಿಗೂ ಜಗ್ಗುವುದಿಲ್ಲ. ಬ್ರಿಟನ್ನಿನ ನೀರು ಸರಬರಾಜು ವ್ಯವಸ್ಥೆ ಇದರಿಂದ ವರ್ಷಗಟ್ಟಲೆ ಕಷ್ಟಪಟ್ಟಿತು. ಕೊನೆಗೆ 2022ರ ಮಾರ್ಚ್ ಅಂತ್ಯದಿಂದ ಗ್ರೇಟ್ ಬ್ರಿಟನ್ನಿನಲ್ಲಿ ಅದರ ಹೊರಾಂಗಣ ಬಳಕೆಯೇ ನಿಂತಿತು. ನಿಷೇಧಕ್ಕೆ ಕೊಟ್ಟ ಕಾರಣ ಹಕ್ಕಿ ಮತ್ತು ಸಸ್ತನಿಗಳ ಅಪಾಯವಾದರೂ, ನೀರಿನ ಕೆಲಸದಲ್ಲಿರುವ ನಮಗೆ ಅದರ ಅರ್ಥ ಸ್ಪಷ್ಟವಾಗಿತ್ತು: ಕೊನೆಯಲ್ಲಿ ಹಿಡಿಯಲಾಗದ್ದನ್ನು ಮೊದಲಲ್ಲೇ ಬಿಡದಿರುವುದು ಮೇಲು.

ಇನ್ನು ಹಿಡಿದ ಮೇಲಿನ ಮಾತು. ತುಂಬಿದ ಹರಳು ಇದ್ದಿಲನ್ನು 800ರಿಂದ 900 ಡಿಗ್ರಿಯ ಕುಲುಮೆಯಲ್ಲಿ ಮತ್ತೆ ಸಕ್ರಿಯಗೊಳಿಸುತ್ತಾರೆ, ಪ್ರತಿ ಬಾರಿಯೂ ಸ್ವಲ್ಪ ಭಾಗ ಸುಟ್ಟುಹೋಗುತ್ತದೆ. ಪುಡಿ ಇದ್ದಿಲಾದರೆ ಕೆಸರಿನೊಂದಿಗೆ ಹೊರಟುಹೋಗುತ್ತದೆ. ಈ ವಿಷಯದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಸಕ್ಕರೆಯ ಘಟಕಗಳು ಉಂಗುರದಂತೆ ಜೋಡಿಕೊಂಡ ಸೈಕ್ಲೊಡೆಕ್ಸ್‌ಟ್ರಿನ್‌ನ ಸರಂಧ್ರ ಪಾಲಿಮರ್. 2016ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಮೆಟೊಲಾಕ್ಲೋರ್ ಕಳೆನಾಶಕವೂ ಸೇರಿದಂತೆ ಹಲವು ಮಾಲಿನ್ಯಕಾರಕಗಳನ್ನು ಅದು ಬಹಳ ಬೇಗ ಹಿಡಿಯಿತು, ಕೊಠಡಿಯ ಉಷ್ಣತೆಯಲ್ಲೇ ಮೆಥನಾಲ್‌ನಿಂದ ತೊಳೆದರೆ ಮತ್ತೆ ಬಳಕೆಗೆ ಸಿದ್ಧವಾಯಿತು. ಆದರೆ ತೊಳೆದ ಮೆಥನಾಲ್‌ನಲ್ಲಿ ಪೀಡೆನಾಶಕ ಇದ್ದೇ ಇದೆ. ಅದನ್ನು ಎಲ್ಲಿ ಒಡೆಯುತ್ತೇವೆ ಎಂಬುದು ಬರೆಯದ ಹೊರತು ಶುದ್ಧೀಕರಣದ ಕಥೆ ಅರ್ಧವೇ.

ಮೃತ್ತಿಕೆ:

ಒಡೆಯುವ ಪ್ರಶ್ನೆಗೆ ಬೇಸಾಯದ ಒಳಗೇ ಒಂದು ಉತ್ತರವಿದೆ, ಅದನ್ನು ಹಸಿರುಬದು ಅವರಿಗಾಗಿ ವಿಶೇಷವಾಗಿ ಬರೆಯುತ್ತಿದ್ದೇನೆ. ಹೊಳೆಯ ನೀರಿಗೆ ಸೇರುವ ಪೀಡೆನಾಶಕದಲ್ಲಿ ಗಣನೀಯ ಪಾಲು ಹೊಲದಿಂದ ಬಂದದ್ದಲ್ಲ. ಸಿಂಪಡಣಾ ಯಂತ್ರಕ್ಕೆ ಔಷಧಿ ತುಂಬಿಸುವಾಗ ಚೆಲ್ಲಿದ್ದು, ಯಂತ್ರವನ್ನು ತೊಳೆದಾಗ ಹರಿದದ್ದು. ಸ್ವೀಡನ್‌ನಲ್ಲಿ 1993ರಲ್ಲಿ ಇದಕ್ಕಾಗಿ ಜೈವಿಕ ಹಾಸನ್ನು ಕಟ್ಟಿದರು. ಸುಮಾರು 60 ಸೆಂಟಿಮೀಟರ್ ಆಳದ ಗುಂಡಿ, ತಳದಲ್ಲಿ ಜೇಡಿಮಣ್ಣಿನ ಪದರ, ಅದರ ಮೇಲೆ ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಒಣಹುಲ್ಲು, ಒಂದು ಪಾಲು ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯಪದಾರ್ಥ), ಒಂದು ಪಾಲು ಮಣ್ಣು ಬೆರೆಸಿದ ಮಿಶ್ರಣ, ಮೇಲೆ ಬೆಳೆದ ಹಸಿರು ಹುಲ್ಲು. ಯಂತ್ರವನ್ನು ಇದರ ಮೇಲೆ ನಿಲ್ಲಿಸಿ ತುಂಬಿಸುತ್ತಾರೆ, ತೊಳೆಯುತ್ತಾರೆ.

ಇದರಲ್ಲಿ ಪೀಟ್ ಮತ್ತು ಮಣ್ಣು ಔಷಧಿಯನ್ನು ಹಿಡಿಯುತ್ತವೆ. ಒಣಹುಲ್ಲಿನ ಲಿಗ್ನಿನ್ (ಸಸ್ಯಕ್ಕೆ ಗಡಸುತನ ಕೊಡುವ ವಸ್ತು) ತಿನ್ನುವ ಬಿಳಿಕೊಳೆ ಶಿಲೀಂಧ್ರಗಳು ಅದಕ್ಕಾಗಿ ಸ್ರವಿಸುವ ಕಿಣ್ವಗಳಿಂದಲೇ ಪೀಡೆನಾಶಕದ ಅಣುಗಳನ್ನೂ ಒಡೆಯುತ್ತವೆ. ಹಿಡಿತ ಗಟ್ಟಿಯಾಗಿರದೆ ಹದವಾಗಿರುವುದೇ ಇಲ್ಲಿನ ಗುಟ್ಟು: ನೀರಿನೊಂದಿಗೆ ಹೋಗದಷ್ಟು ಹಿಡಿಯಬೇಕು, ಶಿಲೀಂಧ್ರಕ್ಕೆ ಸಿಗುವಷ್ಟು ಬಿಡಬೇಕು. ಈ ಹಾಸಿನೊಳಗೆ ಸಕ್ರಿಯ ಇದ್ದಿಲನ್ನೇ ಸುರಿದರೆ ನೀರು ಇನ್ನಷ್ಟು ಶುದ್ಧವಾಗಿ ಬಸಿಯಬಹುದು, ಆದರೆ ವಿಷ ಹಾಸಿನಲ್ಲೇ ಕೂಡಿಬೀಳುತ್ತದೆ.

ಹಾಗೆಂದು ಇದ್ದಿಲನ್ನು ಹೊಲದಿಂದ ಹೊರಗಿಡಬೇಕೆಂದೂ ಅಲ್ಲ. ಅಮೆರಿಕದ ಆರೆಗನ್ ರಾಜ್ಯದ ಹುಲ್ಲುಬೀಜದ ಬೇಸಾಯದಲ್ಲಿ ಬಿತ್ತಿದ ಸಾಲಿನ ಮೇಲೆ ಒಂದು ಅಂಗುಲ ಅಗಲಕ್ಕೆ ಸಕ್ರಿಯ ಇದ್ದಿಲಿನ ಪಟ್ಟಿ ಹಾಕಿ, ಆಮೇಲೆ ಇಡೀ ಹೊಲಕ್ಕೆ ಡೈಯುರಾನ್ ಕಳೆನಾಶಕ ಸಿಂಪಡಿಸುವ ಕ್ರಮ ದಶಕಗಳಿಂದಿದೆ. ಸಾಲುಗಳ ನಡುವಿನ ಕಳೆ ಸಾಯುತ್ತದೆ, ಪಟ್ಟಿಯ ಕೆಳಗಿನ ಮೊಳಕೆ ಉಳಿಯುತ್ತದೆ. ಹಿಡಿಯುವ ವಸ್ತುವನ್ನು ಎಲ್ಲಿ ಇಡಬೇಕೆಂದು ಇಷ್ಟು ನಿಖರವಾಗಿ ಯೋಚಿಸಿದ ಇನ್ನೊಂದು ಪದ್ಧತಿ ನನಗೆ ತಿಳಿದಿಲ್ಲ.

ಸೂತ್ರೀಕರಣ:

ವಾಹಕವಾಗಿ ಬಳಸಿದ ವಸ್ತುವಿನ ಮುಂದಿನ ಗತಿಯ ಬಗ್ಗೆ ನಾನೂ ಒಂದು ಮಾತು ಸೇರಿಸಬೇಕು. ಇದುವರೆಗೆ ಹೆಚ್ಚು ಮಾರಾಟವಾದ ನಿಧಾನ ಬಿಡುಗಡೆಯ ತಯಾರಿಕೆಗಳಲ್ಲಿ ಔಷಧಿಯನ್ನು ಸುತ್ತುವುದು ಪಾಲಿಯೂರಿಯದಂಥ ಕೃತಕ ಪಾಲಿಮರ್ ಕೋಶಗಳು. ಯೂರೋಪಿನ ಒಕ್ಕೂಟ 2023ರಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುವ ಸೂಕ್ಷ್ಮಪ್ಲಾಸ್ಟಿಕ್‌ಗಳಿಗೆ ನಿರ್ಬಂಧ ತಂದಿತು. ಸಸ್ಯಸಂರಕ್ಷಣಾ ಉತ್ಪನ್ನಗಳಿಗೆ ಅದರಲ್ಲಿ ಎಂಟು ವರ್ಷಗಳ ಕಾಲಾವಕಾಶವಿದೆ. ಆದ್ದರಿಂದ ಸಿಲಿಕಾ, ಜೇಡಿ, ಲಿಗ್ನಿನ್, ಪಿಷ್ಟಗಳತ್ತ ಈಗ ಗಮನ ಹರಿಯುತ್ತಿರುವುದು ಕೇವಲ ವೈಜ್ಞಾನಿಕ ಕುತೂಹಲದಿಂದಲ್ಲ. ಅಸ್ಫಟಿಕ ಮಧ್ಯರಂಧ್ರ ಸಿಲಿಕಾ ನೀರಿನಲ್ಲಿ ನಿಧಾನವಾಗಿ ಕರಗಿ ಸಿಲಿಸಿಕ್ ಆಮ್ಲವಾಗುತ್ತದೆ, ಗಿಡಗಳು ಬೇರಿನಿಂದ ಹೀರುವುದೂ ಅದೇ ರೂಪದಲ್ಲಿ. ಬರಿದಾದ ವಾಹಕ ಹೊಲದಲ್ಲಿ ಉಳಿಯದೆ ಹೋಗುವ ಈ ಗುಣಕ್ಕಾಗಿ ನಾನು ಲೋಹ-ಸಾವಯವ ಚೌಕಟ್ಟುಗಳಿಗಿಂತ ಸಿಲಿಕಾವನ್ನೇ ಮುಂದಿಡುತ್ತೇನೆ. ಕಬ್ಬಿಣದ ಚೌಕಟ್ಟಾದರೆ ಒಪ್ಪಬಹುದು. ತಾಮ್ರ, ಕ್ರೋಮಿಯಮ್ ಅಥವಾ ಸತುವಿನ ಚೌಕಟ್ಟುಗಳನ್ನು ವರ್ಷ ವರ್ಷವೂ ಮಣ್ಣಿಗೆ ಹಾಕುವ ಪ್ರಸ್ತಾಪಗಳನ್ನು ಓದಿದಾಗ, ಆ ಲೋಹ ಮಣ್ಣಿನಲ್ಲಿ ಎಷ್ಟು ಕೂಡಿಬೀಳುತ್ತದೆ ಎಂಬ ಸರಳ ಲೆಕ್ಕವನ್ನಾದರೂ ಲೇಖಕರು ಕೊಡಬೇಕಿತ್ತು ಎನ್ನಿಸುತ್ತದೆ.

ಔಷಧಿಯೇ ಇಲ್ಲದೆ ಸರಂಧ್ರ ವಸ್ತುವೇ ಕೀಟವನ್ನು ಕೊಲ್ಲುವ ಉದಾಹರಣೆಯೂ ಇದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಡಯಾಟಮ್ ಎಂಬ ಸೂಕ್ಷ್ಮಪಾಚಿಗಳ ಚಿಪ್ಪಿನಿಂದಾದ ಮಣ್ಣನ್ನು ಸಂಗ್ರಹಿಸಿದ ಕಾಳಿಗೆ ಬೆರೆಸಿದರೆ ಅದು ಹುಳುವಿನ ಹೊರಮೈಯ ಮೇಣವನ್ನು ಹೀರಿಕೊಳ್ಳುತ್ತದೆ, ಕೆರೆದುಹಾಕುತ್ತದೆ. ಮೇಣ ಕಳೆದುಕೊಂಡ ಹುಳು ನೀರಿನಂಶ ಆರಿ ಸಾಯುತ್ತದೆ. ಗಾಳಿಯ ತೇವ ಹೆಚ್ಚಿದ್ದರೆ ಅದರ ಪರಿಣಾಮ ಕುಗ್ಗುತ್ತದೆ.

ಹಸಿರುಬದು:

ಜೈವಿಕ ಹಾಸಿನ ವಿವರ ತುಂಬ ಉಪಯುಕ್ತ, ಧನ್ಯವಾದಗಳು. ಅದರಲ್ಲಿ ಒಂದು ಸಂಶಯ ಉಳಿದಿದೆ. ಕೆಲವು ವರ್ಷಗಳಾದ ಮೇಲೆ ಹುಲ್ಲು ಕೊಳೆತು ಹಾಸು ಕುಸಿಯುತ್ತದಲ್ಲವೇ? ಆಗ ಆ ಮಿಶ್ರಣವನ್ನು ಹೊಲಕ್ಕೆ ಹಾಕಬಹುದೇ?

ಮೃತ್ತಿಕೆ:

ಕುಸಿಯುತ್ತದೆ. ಮೇಲಿನಿಂದ ಹೊಸ ಮಿಶ್ರಣ ಸೇರಿಸುತ್ತ ಹೋಗಬೇಕು, ಹಲವು ವರ್ಷಗಳಿಗೊಮ್ಮೆ ಪೂರ್ತಿ ಬದಲಿಸಬೇಕು. ತೆಗೆದ ಮಿಶ್ರಣವನ್ನು ನೇರವಾಗಿ ಹೊಲಕ್ಕೆ ಹಾಕಬಾರದು. ಮಳೆನೀರು ತಾಗದ ಕಡೆ ರಾಶಿ ಹಾಕಿ ತಿಂಗಳುಗಟ್ಟಲೆ ಕಳಿಯಲು ಬಿಟ್ಟರೆ ಉಳಿದ ಔಷಧಿ ಇನ್ನಷ್ಟು ಒಡೆಯುತ್ತದೆ. ಆಮೇಲೂ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ವಿಶೇಷವಾಗಿ ನೀವು ತಾಮ್ರದ ಶಿಲೀಂಧ್ರನಾಶಕಗಳನ್ನು ಬಳಸುವವರಾಗಿದ್ದರೆ. ತಾಮ್ರವನ್ನು ಯಾವ ಶಿಲೀಂಧ್ರವೂ ಒಡೆಯಲಾರದು. ಅದರ ತೊಳೆನೀರನ್ನು ಈ ಹಾಸಿಗೆ ಬಿಡದೆ, ತೊಟ್ಟಿಯಲ್ಲೇ ತೆಳುಮಾಡಿ ಅದೇ ಬೆಳೆಯ ಮೇಲೆ ಸಿಂಪಡಿಸಿ ಮುಗಿಸುವುದು ಸರಿಯಾದ ಕ್ರಮ.

ಸಸ್ಯಕಾಯ:

ಇದಕ್ಕೆ ಒಂದು ಸೇರ್ಪಡೆ. ತೆಗೆದ ಮಿಶ್ರಣದಲ್ಲಿ ಕಳೆನಾಶಕ ಉಳಿದಿದೆಯೇ ಎಂದು ನೋಡಲು ಪ್ರಯೋಗಾಲಯದ ವರದಿಯ ಜೊತೆಗೆ ಮೊಳಕೆ ಪರೀಕ್ಷೆಯನ್ನೂ ಮಾಡಿ. ಕಳಿತ ಮಿಶ್ರಣದ ಒಂದು ಕುಂಡದಲ್ಲಿ, ಔಷಧಿ ಕಾಣದ ಮಣ್ಣಿನ ಇನ್ನೊಂದು ಕುಂಡದಲ್ಲಿ, ನೀವು ಬಳಸುವ ಕಳೆನಾಶಕಗಳಿಗೆ ಬೇಗ ಮಣಿಯುವ ಬೀಜವನ್ನು ಬಿತ್ತಿ, ಎರಡನ್ನೂ ಒಂದೇ ಬಿಸಿಲು ಮತ್ತು ನೀರಿನಲ್ಲಿ ಬೆಳೆಸಿ, ಬೇರಿನ ಉದ್ದವನ್ನು ಹೋಲಿಸಿ. ರಾಸಾಯನಿಕ ಪರೀಕ್ಷೆ ದ್ರಾವಕಕ್ಕೆ ಬಂದದ್ದನ್ನು ಅಳೆಯುತ್ತದೆ, ಈ ಪರೀಕ್ಷೆ ಬೇರಿಗೆ ಸಿಕ್ಕದ್ದನ್ನು ತೋರಿಸುತ್ತದೆ. ಎರಡರಲ್ಲಿ ಯಾವುದೊಂದು ಸಂಶಯ ಹುಟ್ಟಿಸಿದರೂ ರಾಶಿಯನ್ನು ಇನ್ನೊಂದು ಹಂಗಾಮು ಕಳಿಯಲು ಬಿಡಿ.